ಗುಗ್ಗರಿಯ ತಾಟಿನಲ್ಲಿ ಬ್ರೆಡ್ಡು

ಆ ದಿನಗಳಲ್ಲಿ ಸಿಂದಗಿಯ ನಮ್ಮ ಓಣಿಯಲ್ಲಿ ಯಾರಾದರೂ ಬ್ರೆಡ್ಡಿನ ಪಾಕೀಟು ಹಿಡಿದು ಹೋಗುವುದನ್ನು ಕಂಡರೆ, ಕಟ್ಟೆಯ ಮೇಲೆ ಕುಳಿತವರು ಕೇಳುತ್ತಿದ್ದ ಮೊದಲ ಮಾತು “ಯಾರಿಗೆ ಆರಾಮಿಲ್ರಿ?” ಎಂಬುದಾಗಿತ್ತು. ಬ್ರೆಡ್ಡು ಎಂದರೆ ಜಡ್ಡಿನವರ ಊಟ. ಜ್ವರ ಬಂದವರಿಗೆ ಅದನ್ನು ಹಾಲಿನಲ್ಲಿ ಅದ್ದಿ ಕೊಡುತ್ತಿದ್ದರು. ದವಾಖಾನೆಗೆ ನೋಡಲು ಹೋಗುವವರು ಬರಿಗೈಲಿ ಹೋಗಬಾರದೆಂದು ಒಂದು ಪಾಕೀಟು ಒಯ್ಯುತ್ತಿದ್ದರು. ಮೈಯಲ್ಲಿ ನೆಟ್ಟಗಿದ್ದವರು ಬ್ರೆಡ್ಡು ತಿನ್ನುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಆದಕಾರಣ ಮಕ್ಕಳಾದ ನಮಗೆ ವರ್ಷಕ್ಕೊಮ್ಮೆಯಾದರೂ ಜ್ವರ ಬರಲಿ ಎಂಬ ಆಸೆ ಇತ್ತು.

ಓದುಗರಲ್ಲಿ ಮೊದಲಿಗೇ ಒಂದು ವಿಷಯವನ್ನು ವಿನಂತಿಸಿಕೊಳ್ಳಬೇಕಾಗಿದೆ. ಕಚೇರಿಯ ಪತ್ರಗಳು ಹಾಗೂ ರಜೆಯ ಅರ್ಜಿಗಳ ಹೊರತಾಗಿ ನಾನು ಇದುವರೆಗೆ ಬೇರೇನನ್ನೂ ಬರೆದವಳಲ್ಲ. ಆದ್ದರಿಂದ ಈ ಬರಹದಲ್ಲಿ ಲೋಪದೋಷಗಳು ಕಂಡುಬಂದಲ್ಲಿ ಮನ್ನಿಸಬೇಕು. ನಡೆದದ್ದನ್ನು ನಡೆದ ಕ್ರಮದಲ್ಲಿಯೇ ನಿವೇದಿಸಲು ಪ್ರಯತ್ನಿಸಿದ್ದೇನೆ.

ನಾನು ಆಗ ಐದನೆಯ ಇಯತ್ತೆಯಲ್ಲಿ ಓದುತ್ತಿದ್ದೆ. ತೊಗರಿ ಕೊಯ್ಲಿನ ಚಳಿಗಾಲ. ಮಾಳಿಗೆಗಳ ಮೇಲೆ ತೊಗರಿ ಒಣಗುತ್ತಿತ್ತು. ಮುಂಜಾನೆ ತೊಗರಿಕಟ್ಟಿಗೆ ಉರಿಸಿ ನೀರು ಕಾಯಿಸುವ ಹೊಗೆ ಓಣಿಯ ತುಂಬ ಹರಡಿರುತ್ತಿತ್ತು. ಸಾಲೆ ಬಿಟ್ಟ ಮೇಲೆ ನಾವು ಹುಡುಗಿಯರು ಖಾಜಾಬಿ ಆಯಿಯ ಕಟ್ಟೆಯ ಮೇಲೆ ಗಜಗ ಆಡುತ್ತಿದ್ದೆವು. ಖಾಜಾಬಿ ಆಯಿ ನಮ್ಮ ಎದುರು ಮನೆಯ ಮುದುಕಿ. ಸಂಬಂಧದಲ್ಲಿ ನಮಗೆ ಏನೂ ಅಲ್ಲ. ಆದರೆ ಓಣಿಯ ಮಕ್ಕಳಿಗೆಲ್ಲ ಆಕೆ ಆಯಿಯೇ. ನಮ್ಮ ಅವ್ವ ಬಸುರಿ ಇದ್ದ ಅಷ್ಟೂ ತಿಂಗಳು ಆಕೆ ಬಾಗಿಲಲ್ಲಿ ನಿಂತು ಒಂದೇ ಮಾತು ಕೇಳುತ್ತಿದ್ದಳು: “ಗುಗ್ಗರಿ ಯಾವಾಗ ತಿನ್ನಸ್ತಿ ಬೇ? ನನ್ನ ಹಲ್ಲು ಬೀಳೂದ್ರಾಗ ತಿನಸು.” ಅವ್ವ ನಕ್ಕು, “ನಿನಗ ಮೆತ್ತಗ ಕುದಿಸಿ ಕೊಡ್ತೇನಿ ತಗೋ ಆಯಿ,” ಎನ್ನುತ್ತಿದ್ದಳು.

ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ದಿನ ಕಡಲೆಯ ಗುಗ್ಗರಿ ಮಾಡಿ ಓಣಿಗೆಲ್ಲ ಹಂಚುವುದು ನಮ್ಮ ಕಡೆಯ ಪದ್ಧತಿ. ಅದಕ್ಕೆಂದು ಅವ್ವ ಕಡಲೆಯನ್ನು ಹಸನು ಮಾಡಿ ಡಬ್ಬಿಯಲ್ಲಿ ತುಂಬಿಟ್ಟಿದ್ದಳು. ಅಪ್ಪ ಹಂಚುವುದಕ್ಕಾಗಿ ದೊಡ್ಡದೊಂದು ಸ್ಟೀಲಿನ ತಾಟನ್ನು ತಂದಿದ್ದರು. ಅಂಗಡಿಯವರು ಅಂಟಿಸಿದ ಚೀಟಿ ಸಮೇತ ಆ ತಾಟು ಅಡಿಗೆಮನೆಯ ಗೋಡೆಯ ಮಾಡದಲ್ಲಿ ನಿಂತಿತ್ತು.

ಕೂಸು ಉಳಿಯಲಿಲ್ಲ. ಬಿಜಾಪುರದ ಒಂದು ದವಾಖಾನೆಯಲ್ಲಿ ಹುಟ್ಟಿತು, ಅಳಲಿಲ್ಲ. ಗಂಡು ಕೂಸು ಎಂದು ಯಾರೋ ಹೇಳಿದ್ದು ನನ್ನ ಕಿವಿಗೆ ಬಿತ್ತು. ಅಪ್ಪ ಹಾಗೂ ಸೋದರಮಾವ ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಹೋದರು, ಬರಿಗೈಲಿ ಮರಳಿ ಬಂದರು. ನನಗೆ ಆಗ ಏನನ್ನಿಸಿತು ಎಂಬುದು ನೆನಪಿಲ್ಲ. ದವಾಖಾನೆಯಲ್ಲಿ ನಾನು ಕುಳಿತಿದ್ದ ಬಾಕಿನ ಕಬ್ಬಿಣ ತಣ್ಣಗಿತ್ತು ಎಂಬುದು ನೆನಪಿದೆ.

ಅವ್ವ ಊಟ ಬಿಟ್ಟಿದ್ದಳು. ಆಗ ಅಪ್ಪ ದವಾಖಾನೆಯ ಎದುರಿನ ಹೋಟೆಲಿನಿಂದ ಸ್ಯಾಂಡ್‌ವಿಚ್ ಕಟ್ಟಿಸಿಕೊಂಡು ಬಂದರು. ಬೆಣ್ಣೆ ಹಚ್ಚಿ ಹಂಚಿನ ಮೇಲೆ ಕೆಂಪಗೆ ಸುಟ್ಟ ಬ್ರೆಡ್ಡು, ನಡುವೆ ಸೌತೆಕಾಯಿ ಹಾಗೂ ಹಸಿರು ಚಟ್ನಿ, ಮೂಲೆಯಿಂದ ಮೂಲೆಗೆ ಕೊಯ್ದು ಮುಕ್ಕೋನ ಮಾಡಿದ್ದರು. ಅವ್ವ ಅರ್ಧ ತಿಂದಳು. “ಇದೊಂದು ಬಾಯಿಗೆ ಹತ್ತಿತು ನೋಡ್ರಿ,” ಎಂದಳು. ಉಳಿದರ್ಧವನ್ನು ನನ್ನ ಕೈಗೆ ಕೊಟ್ಟಳು. ಅಂಥ ರುಚಿಯನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ. ಕೂಸು ಹೋದ ದಿನವೇ ನನಗೆ ಅದು ರುಚಿಯಾಗಿತ್ತು ಎಂಬುದನ್ನು ಮುಚ್ಚಿಡುವ ಉದ್ದೇಶ ನನಗಿಲ್ಲ.

ಮನೆಗೆ ಕರೆತಂದ ಮೇಲೆ ಅವ್ವನ ಹಾಸಿಗೆಯನ್ನು ಪಡಸಾಲೆಯ ಮಂಚದ ಮೇಲೆ ಹಾಕಲಾಯಿತು. ಅವ್ವನ ತಂಗಿ ಮಾದೇವಿ ಚಿಗವ್ವ ಬಸವನ ಬಾಗೇವಾಡಿಯಿಂದ ಬಂದು ನಿಂತಳು. ಬರುವಾಗ ಆಕೆ ಅಂಟಿನುಂಡಿ ಕಟ್ಟಿಕೊಂಡು ಬಂದಿದ್ದಳು. ಅಳವಿ ಪಾಯಸ ಮಾಡಿದಳು, ಸಜ್ಜಕ ಮಾಡಿದಳು. ಇವೆಲ್ಲ ಬಾಣಂತಿಗೆ ಕೊಡುವ ಪದಾರ್ಥಗಳು. ಅವ್ವ ಬಟ್ಟಲನ್ನು ನೋಡಿ, “ಇದು ಬಾಣಂತಿದು. ನನಗ್ಯಾಕ?” ಎಂದು ಗೋಡೆಯ ಕಡೆಗೆ ಹೊರಳಿದಳು. ಚಿಗವ್ವ ಬಟ್ಟಲನ್ನು ಹಿಡಿದುಕೊಂಡೇ ಬಹಳ ಹೊತ್ತು ನಿಂತಿದ್ದಳು.

ಮೈಯಲ್ಲಿ ರಕ್ತ ಕಡಿಮೆ ಇದೆ, ಉಣ್ಣದಿದ್ದರೆ ತಿರುಗಿ ದವಾಖಾನೆಗೆ ಸೇರಿಸಬೇಕಾಗುತ್ತದೆ ಎಂದು ಡಾಕ್ಟರು ಮೊದಲೇ ತಿಳಿಸಿದ್ದರು. ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ ಕೊಟ್ಟರೂ ಒಂದೆರಡು ತುತ್ತಿಗೆ ಸಾಕೆನ್ನುತ್ತಿದ್ದಳು. ಏಳಲು ಹೋದರೆ ಕಣ್ಣಿಗೆ ಕತ್ತಲೆ ಬರುತ್ತಿತ್ತು. ಮನೆಯಲ್ಲಿ ಯಾರೂ ಜೋರಾಗಿ ಮಾತನಾಡುತ್ತಿರಲಿಲ್ಲ. ಸಾಯುವುದು ಎಂಬ ಮಾತನ್ನಂತೂ ಯಾವ ಸಂದರ್ಭದಲ್ಲಿಯೂ ಯಾರೂ ಆಡುತ್ತಿರಲಿಲ್ಲ.

ನಮ್ಮ ಅಪ್ಪ ಬಸ್ಸಿನ ಕಂಡಕ್ಟರ್. ಸಿಂದಗಿಯಿಂದ ದೇವರ ಹಿಪ್ಪರಗಿಯ ಮೇಲೆ ಬಿಜಾಪುರಕ್ಕೆ ಹೋಗುವ ಬಸ್ಸಿನಲ್ಲಿ ಅವರ ಕೆಲಸ. ಒಂದು ದಿನ ಅವರು ಅದೇ ಹೋಟೆಲಿನಿಂದ ಸ್ಯಾಂಡ್‌ವಿಚ್ ತಂದರು. ಬಸ್ಸಿನಲ್ಲಿ ಬರುವಷ್ಟರಲ್ಲಿ ಅದು ತಣ್ಣಗಾಗಿ, ಚಟ್ನಿಯ ನೀರು ಇಳಿದು, ಕೈಯಲ್ಲಿ ಹಿಡಿದರೆ ಹರಿಯುವಂತಾಗಿತ್ತು. ಅವ್ವ ಮುಟ್ಟಲಿಲ್ಲ. ತದನಂತರ ಊರಿನ ಬೇಕರಿಯ ಬ್ರೆಡ್ಡು ತಂದು ಮನೆಯಲ್ಲಿಯೇ ಸುಟ್ಟುಕೊಟ್ಟೆವು. ಆ ಬ್ರೆಡ್ಡು ಸಿಹಿ. ಒಂದು ತುಣುಕು ಕಚ್ಚಿ, “ಅದು ಅಲ್ಲ ಇದು,” ಎಂದು ಕೆಳಗಿಟ್ಟಳು. ಸದರಿ ಹೋಟೆಲಿನವರು ಬ್ರೆಡ್ಡನ್ನು ಹೊರಗಿನಿಂದ ತರಿಸುವುದಿಲ್ಲ, ತಾವೇ ಮಾಡಿಕೊಳ್ಳುತ್ತಾರೆ ಎಂಬುದನ್ನು ಅಪ್ಪ ವಿಚಾರಿಸಿಕೊಂಡು ಬಂದರು.

“ಅವರು ಮಾಡ್ತಾರಂದ್ರ ನಾವು ಮಾಡಾಕ ಬರೂದಿಲ್ಲೇನು?” ಎಂದಳು ಚಿಗವ್ವ. “ಅವರೇನು ಮ್ಯಾಲಿಂದ ಇಳದ ಬಂದಾರೇನು?”

ಚಿಗವ್ವನ ಬಳಿ ಹೊಸ ಮೊಬೈಲು ಇತ್ತು. ಅದರಲ್ಲಿ ಒಬ್ಬ ಹೆಣ್ಣುಮಗಳು ಮನೆಯಲ್ಲಿ ಬ್ರೆಡ್ಡು ಮಾಡುವುದನ್ನು ತೋರಿಸುತ್ತಿದ್ದಳು. ಭಟ್ಟಿ ಬೇಕಾಗಿಲ್ಲ, ದೊಡ್ಡ ಕುಕ್ಕರಿನ ಸೀಟಿ ಹಾಗೂ ರಬ್ಬರನ್ನು ತೆಗೆದು, ತಳಕ್ಕೆ ಉಸುಕು ಹಾಕಿ ಕಾಯಿಸಿ, ಅದರೊಳಗೆ ಹಿಟ್ಟಿನ ಡಬ್ಬಿಯನ್ನು ಇಟ್ಟರಾಯಿತು. ಅಪ್ಪ ಬಿಜಾಪುರದಿಂದ ಹಿಟ್ಟನ್ನು ಉಬ್ಬಿಸುವ ಈಸ್ಟ್ ತಂದುಕೊಟ್ಟರು. ಸಾಸಿವೆಗಿಂತ ಸಣ್ಣ, ಕಂದು ಬಣ್ಣದ ಕಾಳು. ಮೂಗಿಗೆ ಹಿಡಿದರೆ ಹುಳಿ ವಾಸನೆ. ಬ್ರೆಡ್ಡಿನ ಆಕಾರ ಬರಲೆಂದು ಅಪ್ಪನ ಬುತ್ತಿಯ ಡಬ್ಬಿಯನ್ನು ತೆಗೆದುಕೊಳ್ಳಲಾಯಿತು. ಅಷ್ಟೂ ದಿನ ಅಪ್ಪ ಬುತ್ತಿಯನ್ನು ಅರಿವೆಯಲ್ಲಿ ಕಟ್ಟಿಕೊಂಡು ಹೋದರು, ಏಕೆ ಎಂದು ಕೇಳಲಿಲ್ಲ.

ಮೊದಲನೆಯ ಬ್ರೆಡ್ಡು ಉಬ್ಬಲಿಲ್ಲ. ಹಿಟ್ಟನ್ನು ಮುಚ್ಚಿಟ್ಟು ಎಷ್ಟು ಹೊತ್ತು ಕಾದರೂ ಇಟ್ಟಲ್ಲಿಯೇ ಇಟ್ಟ ಹಾಗೆ ಇತ್ತು. ಹಾಗೆಯೇ ಕುಕ್ಕರಿನಲ್ಲಿಟ್ಟು ಸುಟ್ಟಾಗ ಇಟ್ಟಂಗಿಯಂಥದ್ದು ಹೊರಬಂತು. ಚಿಗವ್ವ ಅದನ್ನು ನೆಲಕ್ಕೆ ಕುಟ್ಟಿ ನೋಡಿ, “ಇಂಥಾವು ಒಂದೀಟು ಮಾಡಿದರ ಹಿತ್ತಲ ಗ್ವಾಡಿ ಎಬ್ಬಿಸಬಹುದು,” ಎಂದಳು. ಅಪ್ಪ ಅದನ್ನು ಚಹಾದಲ್ಲಿ ಅದ್ದಿ, ಏನೂ ಅನ್ನದೆ ಪೂರ್ತಿ ತಿಂದರು.

ಎರಡನೆಯದೂ ಹಾಗೆಯೇ ಆಯಿತು. ಚಿಗವ್ವ ಈಸ್ಟನ್ನು ಬೈದಳು, ಮೈದಾವನ್ನು ಬೈದಳು, ಚಳಿಯನ್ನು ಬೈದಳು. ಮೊಬೈಲಿನ ಹೆಣ್ಣುಮಗಳಿಗೆ, “ನಿನ್ನ ಹಿಟ್ಟು ಗಡಗಿ ತುಂಬ ಉಬ್ಬತೈತಿ, ನಮ್ಮದು ಯಾಕ ಉಬ್ಬವಲ್ದು? ನಿನಗೇನು ಎರಡು ಕೋಡು ಅದಾವೇನು?” ಎಂದು ಕೇಳಿದಳು. ಯಾರದೋ ಕಣ್ಣು ತಾಗಿರಬೇಕೆಂದು ಹಿಟ್ಟಿಗೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಮೆಣಸಿನ ಘಾಟಿಗೆ ನಾವಿಬ್ಬರೂ ಕೆಮ್ಮಿದೆವು. ಮಂಚದ ಮೇಲೆ ಅವ್ವ ಕೂಡ ಕೆಮ್ಮಿದಳು. ಹಿಟ್ಟು ಮಾತ್ರ ಏಳಲಿಲ್ಲ.

ಇಲ್ಲಿ ಒಂದು ವಿಷಯವನ್ನು ಸ್ಪಷ್ಟಪಡಿಸುವುದು ಅವಶ್ಯವೆನಿಸುತ್ತದೆ. ನಮ್ಮ ಮನೆಗಳಲ್ಲಿ ಚಪಾತಿಯ ಹಿಟ್ಟಿಗೆ ತಣ್ಣೀರು ಹಾಕುತ್ತಾರೆ, ಜೋಳದ ರೊಟ್ಟಿಯ ಹಿಟ್ಟಿಗೆ ಎಸರು ಹಾಕುತ್ತಾರೆ. ಎಸರು ಎಂದರೆ ತಳಮಳ ಕುದಿಯುವ ನೀರು. ಎಸರು ಎಷ್ಟು ಕುದಿಯುತ್ತದೆಯೋ ರೊಟ್ಟಿ ಅಷ್ಟು ಮೆತ್ತಗೆ, ಅಷ್ಟು ಹರಿಯದೆ ಬರುತ್ತದೆ. ಮೊಬೈಲಿನ ಹೆಣ್ಣುಮಗಳು ಹಿಟ್ಟಿಗೆ ಬಿಸಿ ನೀರು ಹಾಕಬೇಕೆಂದು ಹೇಳಿದ್ದಳು. ಚಿಗವ್ವ ಹುಟ್ಟಿದಾಗಿನಿಂದ ಹಿಟ್ಟಿಗೆ ಹಾಕುವ ಬಿಸಿ ನೀರು ಎಂದರೆ ಎಸರನ್ನೇ ಕಂಡವಳು. ಒಮ್ಮೆ ಉಬ್ಬದಿದ್ದಾಗ ಎಸರು ಸಾಲದೆಂದು ತಿಳಿದು ಮತ್ತಷ್ಟು ಕುದಿಸಿದಳು.

ಮೂರನೆಯ ಸಲವೂ ಒಲೆಯ ಮೇಲೆ ಎಸರು ಕುದಿಯುತ್ತಿತ್ತು. ಪರಾತದಲ್ಲಿ ಮೈದಾ, ಅದರ ನಡುವಿನ ಗುಂಡಿಯಲ್ಲಿ ಈಸ್ಟ್. ನಾನು ಹೊಸ್ತಿಲ ಮೇಲೆ ಕುಳಿತಿದ್ದೆ. ಚಿಗವ್ವ ಇಕ್ಕಳದಿಂದ ಪಾತ್ರೆಯನ್ನು ಎತ್ತಿ ಪರಾತದ ಮೇಲೆ ಹಿಡಿದಳು. ಆಗ ನನ್ನ ಬೆನ್ನ ಹಿಂದಿನಿಂದ ಮಾತು ಬಂತು.

“ಮಾದೇವಿ.”

ಅಷ್ಟು ದಿನ ಅವ್ವ ತಾನಾಗಿ ಯಾರನ್ನೂ ಹೆಸರು ಹಿಡಿದು ಕರೆದಿರಲಿಲ್ಲ. ಚಿಗವ್ವ ಪಾತ್ರೆಯನ್ನು ಹಾಗೆಯೇ ಹಿಡಿದು, “ಏನಕ್ಕಾ?” ಎಂದಳು.

“ಕುದಿಯೋ ಹಾಲಿಗೆ ಹೆಪ್ಪ ಹಾಕ್ತಿಯೇನ?”

ಪಾತ್ರೆಯ ಆವಿ ಚಿಗವ್ವನ ಮುಖಕ್ಕೆ ಬಡಿಯುತ್ತಿತ್ತು.

“ಅದು ಜೀವ ಇರೋ ಪದಾರ್ಥ,” ಎಂದಳು ಅವ್ವ. “ಸಾಯ್ತೈತಿ.”

ಚಿಗವ್ವ ಪಾತ್ರೆಯನ್ನು ಕೆಳಗಿಟ್ಟಳು. ಹಿತ್ತಲಿನಲ್ಲಿ ಯಾರೋ ತೊಗರಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಅವ್ವ ಗೋಡೆ ಹಿಡಿದು ಎದ್ದಳು. ನಾನು ಹೆಗಲು ಕೊಟ್ಟೆ. ಅಡಿಗೆಮನೆಯಲ್ಲಿ ಮಣೆಯ ಮೇಲೆ ಕುಳಿತುಕೊಂಡು, ಎಸರಿಗೆ ತಣ್ಣೀರು ಹಾಗೂ ಹಾಲು ಬೆರೆಸಲು ಹೇಳಿ, ಹೆಪ್ಪು ಹಾಕುವಾಗ ನೋಡುವ ಹಾಗೆ ಕಿರುಬೆರಳು ಅದ್ದಿ ನೋಡಿದಳು. ಇನ್ನಷ್ಟು ಆರಲಿ ಎಂದಳು. ಮತ್ತೆ ಅದ್ದಿ ನೋಡಿ, ಸಾಕು ಎಂದಳು. ಸಕ್ಕರೆ ಹಾಗೂ ಈಸ್ಟನ್ನು ಆ ಹಾಲಿನಲ್ಲಿ ಹಾಕಿ ಮುಚ್ಚಿಸಿದಳು. ಸ್ವಲ್ಪ ಹೊತ್ತಿನ ಮೇಲೆ ಮುಚ್ಚಳ ತೆಗೆದಾಗ ಹಾಲಿನ ಮೇಲೆ ನೊರೆ ಬಂದಿತ್ತು.

ನಾದುವ ಶಕ್ತಿ ಅವ್ವನ ಕೈಗಳಲ್ಲಿ ಇರಲಿಲ್ಲ. ಚಿಗವ್ವನೇ ನಾದಿದಳು. ಕೈ ರೂಢಿಯ ಮೇಲೆ ಹಿಟ್ಟನ್ನು ರೊಟ್ಟಿಯಂತೆ ಬಡಿಯಲು ಹೋದಾಗ ಅವ್ವ, “ಬಡಿಬ್ಯಾಡ, ಏನ ತಪ್ಪ ಮಾಡೇತಿ ಅದು?” ಎಂದಳು. ಚಿಗವ್ವನಿಗೆ ನಗು ಬಂತು. ಅಕ್ಕನ ಮುಖವನ್ನು ನೋಡಿ, ನಗಬಹುದೋ ಬಾರದೋ ತಿಳಿಯದೆ ತಲೆ ತಗ್ಗಿಸಿ ನಾದತೊಡಗಿದಳು.

ಹಿಟ್ಟಿನ ಡಬ್ಬಿಯನ್ನು ಮಾಳಿಗೆಯ ಮೇಲೆ, ಒಣಗಿದ ತೊಗರಿಯ ನಡುವೆ ಬಿಸಿಲಿನಲ್ಲಿ ಇಟ್ಟೆವು. ಅದರ ಕಾವಲು ನನ್ನದು. ಗುಬ್ಬಿಗಳು ಬಂದು ತೊಗರಿ ಹೆಕ್ಕುತ್ತಿದ್ದವು. ಡಬ್ಬಿಯ ಮೇಲಿನ ಒದ್ದೆ ಅರಿವೆಯ ತನಕ ಬಂದಾಗ ಮಾತ್ರ ಓಡಿಸುತ್ತಿದ್ದೆ. ಕೆಳಗಿನಿಂದ ಅವ್ವ ಆಗಾಗ, “ಬಂತೇನ ಸುಮಾ?” ಎಂದು ಕೇಳುತ್ತಿದ್ದಳು. ನಾನು ಅರಿವೆ ಎತ್ತಿ ನೋಡಿ, “ಇನ್ನೂ ಇಲ್ಲವ್ವಾ,” ಎನ್ನುತ್ತಿದ್ದೆ. ನೆರಳು ಹೊರಳುವ ಹೊತ್ತಿಗೆ ಅರಿವೆ ತಾನೇ ಮೇಲೆದ್ದಿತ್ತು. ಅದನ್ನು ತೆಗೆದಾಗ ಹಿಟ್ಟು ಡಬ್ಬಿಯ ಅಂಚನ್ನು ದಾಟಿತ್ತು. ಬೆರಳಿನಿಂದ ಮುಟ್ಟಿದೆ. ಬೆಚ್ಚಗಿತ್ತು, ಒಳಗಿಳಿದು ನಿಧಾನಕ್ಕೆ ಮತ್ತೆ ಮೇಲೆ ಬಂತು. ನಾನು ಕೂಗಲಿಲ್ಲ. ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಮೆಟ್ಟಿಲನ್ನು ಒಂದೊಂದಾಗಿ ಇಳಿದು ಬಂದು ಅವ್ವನ ಮುಂದೆ ಇಟ್ಟೆ.

ಕುಕ್ಕರಿನಲ್ಲಿ ಉಸುಕು ಕಾದ ಮೇಲೆ ಡಬ್ಬಿಯನ್ನು ಒಳಗಿಟ್ಟರು. ಮೊದಲು ಕಾದ ಉಸುಕಿನ ವಾಸನೆ, ಆಮೇಲೆ ಹಾಲು ಕೆನೆಗಟ್ಟುವಾಗಿನಂಥ ವಾಸನೆ, ಕೊನೆಗೆ ದವಾಖಾನೆಯ ಎದುರಿನ ಆ ಹೋಟೆಲಿನ ವಾಸನೆ ನಮ್ಮ ಮನೆಯಲ್ಲಿ ಬಂತು. ಬ್ರೆಡ್ಡು ಕಂದು ಬಣ್ಣಕ್ಕೆ ತಿರುಗಿ, ನೆತ್ತಿಯ ಮೇಲೆ ಒಂದು ಕಡೆ ಬಿರಿದಿತ್ತು. ಚಿಗವ್ವ ಬಿಸಿಯಾಗಿರುವಾಗಲೇ ಕೊಯ್ಯಲು ಹೋದಳು. ಅವ್ವ ಆರುವ ತನಕ ಬಿಡಲಿಲ್ಲ. ಆರಿದ ಮೇಲೆ ತಾನೇ ಈಳಿಗೆಯ ಮುಂದೆ ಕುಳಿತು ತೆಳ್ಳಗೆ ಕೊಯ್ದಳು. ಹಂಚಿಗೆ ಬೆಣ್ಣೆ ಹಾಕಿ ಸುಟ್ಟು, ಸೌತೆಕಾಯಿ ಇಟ್ಟು, ಹಸಿರು ಚಟ್ನಿ ಇರಲಿಲ್ಲವಾದ್ದರಿಂದ ಶೇಂಗಾ ಚಟ್ನಿಯನ್ನು ಮೊಸರಿನಲ್ಲಿ ಕಲೆಸಿ ಹಚ್ಚಿ, ಹೋಟೆಲಿನವರ ಹಾಗೆಯೇ ಮೂಲೆಯಿಂದ ಮೂಲೆಗೆ ಕೊಯ್ದು ಇಟ್ಟಳು.

ನಾವಿಬ್ಬರೂ ಅವ್ವ ತಿನ್ನುವುದನ್ನೇ ಕಾಯುತ್ತಿದ್ದೆವು. ಅವ್ವ ತಿನ್ನಲಿಲ್ಲ. ಗೋಡೆ ಹಿಡಿದು ಎದ್ದು, ಮಾಡದಲ್ಲಿದ್ದ ದೊಡ್ಡ ತಾಟನ್ನು ಇಳಿಸಿದಳು. ಅದರ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದಳು. ತಾಟನ್ನು ತೊಳೆದು, ಒರೆಸಿ, ಬ್ರೆಡ್ಡನ್ನು ಅದರಲ್ಲಿ ಜೋಡಿಸಿದಳು.

“ಸುಮಾ, ಓಣ್ಯಾಗೆಲ್ಲಾ ಕೊಟ್ಟ ಬಾ.”

“ಅಕ್ಕಾ, ಬ್ರೆಡ್ಡು ಯಾರರ ಹಂಚತಾರೇನು?” ಎಂದಳು ಚಿಗವ್ವ. “ಮಂದಿ ಏನಂದಾರು? ನೀ ಮೊದಲ ಒಂದು ತಿನ್ನು.”

“ಹಂಚೂದು ಉಳದಿತ್ತು ಮಾದೇವಿ,” ಎಂದಳು ಅವ್ವ. “ಹೋಗಲಿ ಬಿಡು ಹುಡುಗಿ.”

ಚಿಗವ್ವ ತಾಟಿನ ಮೇಲೆ ಬಿಳಿ ಅರಿವೆ ಮುಚ್ಚಿ ನನ್ನ ತೋಳಿನ ಮೇಲೆ ಇಟ್ಟಳು. ಯಾರಿಗೆ ಆರಾಮಿಲ್ಲ ಎಂದು ಕೇಳಿದರೆ ಏನು ಹೇಳಲಿ ಎಂದು ನಾನು ಅವ್ವನನ್ನು ಕೇಳಿದೆ. ಆಕೆ ಸ್ವಲ್ಪ ಯೋಚಿಸಿದಳು.

“ಎಲ್ಲಾರೂ ಆರಾಮ ಅದಾರ ಅನ್ನು. ಮನ್ಯಾಗ ಮಾಡಿದ್ದು ಅನ್ನು.”

ಮನೆ ಮನೆಗೂ ಹೋದೆ. ಪ್ರತಿ ಬಾಗಿಲಲ್ಲಿಯೂ ಅದೇ ಪ್ರಶ್ನೆ ಬಂತು, ಅದೇ ಉತ್ತರ ಕೊಟ್ಟೆ. ಕೆಲವರು ಬ್ರೆಡ್ಡನ್ನು ತಿರುಗಿಸಿ ನೋಡಿದರು. ಒಬ್ಬಾಕೆ, ಆರಾಮ ಇದ್ದವರು ಬ್ರೆಡ್ಡು ಯಾಕೆ ಮಾಡುತ್ತಾರೆ ಎಂದು ಒಳಗೆ ಹೋಗಿ ಗಂಡನನ್ನು ಕೇಳಿದ್ದು ನನಗೆ ಕೇಳಿಸಿತು. ಕೊನೆಗೆ ಖಾಜಾಬಿ ಆಯಿಯ ಮನೆಗೆ ಬಂದೆ. ಆಕೆ ಕಟ್ಟೆಯ ಮೇಲೆ ಕುಳಿತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು.

“ಏನ ತಂದಿ ಬೇ?” ಎಂದು ಅರಿವೆ ಎತ್ತಿ ನೋಡಿದಳು. “ಬ್ರೆಡ್ಡು? ಯಾರಿಗೆ ಆರಾಮಿಲ್ಲ?”

“ಎಲ್ಲಾರೂ ಆರಾಮ ಅದಾರ ಆಯಿ. ಮನ್ಯಾಗ ಮಾಡಿದ್ದು. ಅವ್ವ ಕಳಿಸ್ಯಾಳ.”

“ನಿಮ್ಮವ್ವ ಎದ್ದಾಳೇನು?”

“ಹೂಂ ಆಯಿ.”

ಆಯಿ ಬ್ರೆಡ್ಡನ್ನು ನೋಡಲಿಲ್ಲ, ತಾಟನ್ನು ನೋಡಿದಳು. ಚೀಟಿ ಕೆರೆದ ಜಾಗದಲ್ಲಿ ಅಂಟಿನ ಗುರುತು ಉಳಿದಿತ್ತು. ಅದರ ಮೇಲೆ ಹೆಬ್ಬೆರಳು ಆಡಿಸಿದಳು. ಆಮೇಲೆ ಒಂದು ತುಣುಕು ತೆಗೆದುಕೊಂಡು, ಇದ್ದ ಹಲ್ಲುಗಳಲ್ಲಿ ನಿಧಾನಕ್ಕೆ ಅಗಿದು ತಿಂದಳು. ತಿನ್ನುವ ತನಕ ನನ್ನನ್ನು ನಿಲ್ಲಿಸಿಕೊಂಡಳು. ನಮ್ಮ ಓಣಿಯಲ್ಲಿ ಬಂದ ತಾಟನ್ನು ಬರಿದಾಗಿ ಕಳಿಸುವ ಪದ್ಧತಿ ಇರಲಿಲ್ಲ. ಆಯಿ ಮೊರದಿಂದ ಬೊಗಸೆ ತುಂಬ ಜೋಳ ತೆಗೆದು ತಾಟಿಗೆ ಸುರಿದಳು, ಒಳಗೆ ಹೋಗಿ ಒಂದು ಚೂರು ಬೆಲ್ಲ ತಂದು ಜೋಳದ ಮೇಲೆ ಇಟ್ಟಳು.

“ನಿಮ್ಮವ್ವಗ ಹೇಳು,” ಎಂದಳು, “ಗುಗ್ಗರಿ ಮುಟ್ಟಿತು ಅಂತ.”

ತಂದದ್ದು ಗುಗ್ಗರಿ ಅಲ್ಲ, ಬ್ರೆಡ್ಡು ಎಂದು ತಿಳಿಸಬೇಕೆಂದುಕೊಂಡೆ. ಆದರೆ ಆಕೆಯ ಮುಖ ನೋಡಿ ತಿಳಿಸಲಿಲ್ಲ. ಓಣಿ ದಾಟಿ ಬಂದು, ಹೇಳಿದ ಮಾತನ್ನು ಹೇಳಿದ ಹಾಗೆಯೇ ಅವ್ವನಿಗೆ ಒಪ್ಪಿಸಿದೆ.

ಅವ್ವ ತಾಟನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಳು. ಅಳಲಿಲ್ಲ. ಆಗಲೇ ಹಸನಾಗಿದ್ದ ಆ ಜೋಳದಲ್ಲಿ ಇಲ್ಲದ ಹರಳನ್ನು ಬಹಳ ಹೊತ್ತು ಹುಡುಕಿದಳು. ಬೆಲ್ಲದ ಚೂರನ್ನು ಬಾಯಿಗೆ ಹಾಕಿಕೊಂಡಳು. ಡಬ್ಬಿಯಲ್ಲಿ ಬ್ರೆಡ್ಡಿನ ತುದಿಯ ಗಟ್ಟಿ ತುಣುಕು ಒಂದೇ ಉಳಿದಿತ್ತು, ಅದನ್ನೂ ತಿಂದಳು. ಆಮೇಲೆ ಚಿಗವ್ವನ ಕಡೆಗೆ ನೋಡಿ, “ರೊಟ್ಟಿ ಬಡಿ. ಹಸಿವು ಆಗೇತಿ,” ಎಂದಳು. ಚಿಗವ್ವ ಒಲೆಯ ಮುಂದೆ ಕುಳಿತು ಎಸರು ಇಟ್ಟಳು. ಆಕೆಯ ಬೆನ್ನು ನಮ್ಮ ಕಡೆಗಿತ್ತು. ಅದು ಅಲುಗಾಡುತ್ತಿದ್ದುದನ್ನು ನಾನು ನೋಡಿದೆ. ಆ ಕುರಿತು ನಾವು ಯಾರೂ ಇಂದಿನವರೆಗೆ ಮಾತನಾಡಿಲ್ಲ.

ತದನಂತರ ಅವ್ವ ಮತ್ತೆ ಎಂದೂ ಬ್ರೆಡ್ಡು ಮಾಡಲಿಲ್ಲ. ಉಳಿದ ಈಸ್ಟು ಗೂಡಿನಲ್ಲಿಯೇ ಹಳತಾಗಿ ಗಂಟುಗಟ್ಟಿತು. ಅಪ್ಪನ ಬುತ್ತಿಯ ಡಬ್ಬಿಯ ತಳ ಕಪ್ಪಗಾದದ್ದು ಹೋಗಲೇ ಇಲ್ಲ. ಅದನ್ನೇ ಅವರು ನಿವೃತ್ತಿಯಾಗುವ ತನಕ ಒಯ್ದರು. ಗುಗ್ಗರಿಗೆಂದು ಇಟ್ಟ ಕಡಲೆಯನ್ನು ಅವ್ವ ಯಾವಾಗ ಏನು ಮಾಡಿದಳೋ ತಿಳಿಯದು. ಒಂದು ದಿನ ಡಬ್ಬಿಯಲ್ಲಿ ಅಕ್ಕಿ ಇತ್ತು. ನನಗೆ ತಮ್ಮನಾಗಲಿ ತಂಗಿಯಾಗಲಿ ಆಮೇಲೆ ಹುಟ್ಟಲಿಲ್ಲ.

ಪ್ರಸ್ತುತ ನಾನು ಮುದ್ದೇಬಿಹಾಳದ ಒಂದು ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದು, ಅಲ್ಲಿಯೇ ಬಾಡಿಗೆ ಕೋಣೆಯಲ್ಲಿ ವಾಸವಾಗಿದ್ದೇನೆ. ಈಗ ಬ್ರೆಡ್ಡು ಎಲ್ಲ ಅಂಗಡಿಗಳಲ್ಲಿಯೂ ಸಿಗುತ್ತದೆ. ಸ್ಯಾಂಡ್‌ವಿಚ್ ಮಾಡುವ ಗಾಡಿ ಬಸ್ ನಿಲ್ದಾಣದ ಹೊರಗೇ ನಿಲ್ಲುತ್ತದೆ. ಮುಂಜಾನೆ ಅವಸರವಾದಾಗ ನಾನೂ ಅದನ್ನೇ ತಿಂದು ಕಚೇರಿಗೆ ಹೋಗುತ್ತೇನೆ. ರುಚಿಯಲ್ಲಿ ಕೊರತೆ ಇಲ್ಲ. ಸಿಂದಗಿಯ ಓಣಿಯಲ್ಲಿ ಖಾಜಾಬಿ ಆಯಿ ಇಲ್ಲ. ಆಕೆಯ ಕಟ್ಟೆಯನ್ನು ರಸ್ತೆ ಅಗಲ ಮಾಡುವಾಗ ಒಡೆದರು. ಮನೆಗಳಿಗೆ ಗೇಟುಗಳು ಬಂದಿವೆ. ಆ ತಾಟು ನಮ್ಮ ಮನೆಯಲ್ಲಿ ಈಗಲೂ ಇದೆ. ಅದರಲ್ಲಿ ಅವ್ವ ಹಪ್ಪಳ ಒಣಗಿಸುತ್ತಾಳೆ.

ಕಳೆದ ಸಲ ಊರಿಗೆ ಹೋದಾಗ, ಚಹಾದಲ್ಲಿ ಅದ್ದಿ ತಿನ್ನಲು ಬೇಕೆಂದು ಅಪ್ಪ ಹೇಳಿದ್ದರಿಂದ ಬ್ರೆಡ್ಡಿನ ಪಾಕೀಟನ್ನು ಕೊಂಡು ಬಸ್ ನಿಲ್ದಾಣದಿಂದ ಮನೆಯವರೆಗೆ ನಡೆದುಬಂದೆ. ಪಾಕೀಟನ್ನು ಚೀಲದಲ್ಲಿ ಹಾಕದೆ ಕೈಯಲ್ಲಿಯೇ ಹಿಡಿದಿದ್ದೆ. ದಾರಿಯಲ್ಲಿ ಪರಿಚಯದವರು ಕಂಡರು, ಯಾವಾಗ ಬಂದೆ ಎಂದು ವಿಚಾರಿಸಿದರು. ಓಣಿಯಲ್ಲಿ ನಡಿಗೆಯನ್ನು ಸ್ವಲ್ಪ ನಿಧಾನ ಮಾಡಿದೆ. ಯಾರಿಗೆ ಆರಾಮಿಲ್ಲ ಎಂದು ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ಕೊಡಬೇಕಾದ ಉತ್ತರ, ಅವ್ವ ಕಲಿಸಿಕೊಟ್ಟ ಹಾಗೆಯೇ, ಮನೆಯ ಬಾಗಿಲು ಬರುವ ತನಕ ನನ್ನ ಬಾಯಲ್ಲಿ ಇತ್ತು.